ಎರಡು ರಾಜರ ತಲೆ

“ದುಡ್ಡು ಕೊಟ್ಟು ಕಳ್ಳ ನಾಣ್ಯ ಕೊಂಡುಕೊಂಡು ಬರೋರನ್ನ ನಾನು ಇವತ್ತೇ ನೋಡಿದ್ದು.”

ಮದುವೆಯಾದ ಹೊಸದರಲ್ಲಿ ನನ್ನಾಕೆ ಹೇಳಿದ ಮಾತು ಇದು. ಅವಳದೇನೂ ತಪ್ಪಿಲ್ಲ ಬಿಡಿ. ಉಳಿದವರು ಖೋಟಾ ನಾಣ್ಯ ಕೈಗೆ ಬಂದರೆ ಬಸ್ಸಿನ ಕಂಡಕ್ಟರಿಗೋ ದೇವಸ್ಥಾನದ ಹುಂಡಿಗೋ ದಾಟಿಸಿ ಕೈತೊಳೆದುಕೊಳ್ಳುತ್ತಾರೆ. ನಾನು ಅದನ್ನೇ ಹುಡುಕಿಕೊಂಡು ಹೋಗಿ, ಚೌಕಾಸಿ ಮಾಡಿ, ಹತ್ತಿಯಲ್ಲಿ ಸುತ್ತಿ ಮನೆಗೆ ತರುತ್ತೇನೆ. ಎಲ್ಲ ಖೋಟಾ ನಾಣ್ಯಗಳೂ ಅಲ್ಲ. ಇನ್ನೂರು ವರ್ಷಗಳಷ್ಟು ಹಳೆಯ, ಆ ಕಾಲದಲ್ಲೇ ಆ ಕಾಲದ ಜನರನ್ನು ಮೋಸ ಮಾಡಲೆಂದೇ ಮಾಡಿದ ಬೆಳ್ಳಿ ನಾಣ್ಯಗಳ ನಕಲುಗಳು. ಅದರಲ್ಲೂ ಮೇಲೊಂದು ಪುಟ್ಟ ಮರುಮುದ್ರೆ ಹೊಡೆದಿದ್ದರೆ ಕೇಳುವುದೇ ಬೇಡ, ಅವತ್ತು ನನಗೆ ಊಟ ಸೇರುವುದಿಲ್ಲ.

ಮರುಮುದ್ರೆ ಅಂದರೇನು ಅಂತ ಮೊದಲು ಹೇಳಿಬಿಡುತ್ತೇನೆ. ಒಬ್ಬ ರಾಜ ಅಚ್ಚು ಹಾಕಿಸಿ ಬಿಟ್ಟ ನಾಣ್ಯದ ಮೇಲೆ ಇನ್ನೊಬ್ಬ ರಾಜನೋ, ಬ್ಯಾಂಕೋ, ವ್ಯಾಪಾರಿಯೋ ತನ್ನದೊಂದು ಗುರುತು ಕುಟ್ಟುವುದು. “ಇದು ನಮ್ಮಲ್ಲೂ ನಡೆಯುತ್ತದೆ” ಅಥವಾ “ಇದನ್ನು ನಾನು ನೋಡಿದ್ದೇನೆ, ಬೆಳ್ಳಿ ಸರಿಯಾಗಿದೆ” ಅಂತ ಅದರ ಅರ್ಥ. ಬೇರೆಯವರು ಕೊಟ್ಟ ಚೆಕ್ಕಿನ ಹಿಂದೆ ಸಹಿ ಹಾಕಿದ ಹಾಗೆ ಅಂದುಕೊಳ್ಳಿ.

ಇದು ಯುರೋಪಿನವರು ಕಂಡುಹಿಡಿದ ವಿದ್ಯೆಯೇನೂ ಅಲ್ಲ. 1906ರಲ್ಲಿ ನಾಸಿಕದ ಹತ್ತಿರ ಜೋಗಲ್‌ತೆಂಬಿ ಎಂಬಲ್ಲಿ 13 ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಒಟ್ಟಿಗೇ ಸಿಕ್ಕವು. ಎಲ್ಲವೂ ಕ್ಷತ್ರಪ ದೊರೆ ನಹಪಾನನವು. ಅದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ನಾಣ್ಯಗಳ ಮೇಲೆ ಅವನನ್ನು ಸೋಲಿಸಿದ ಶಾತವಾಹನ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆ ಒತ್ತಿಸಿದ್ದಾನೆ. ಸೋತವನ ಮೂಗಿನ ಮೇಲೇ ಗೆದ್ದವನ ಗುರುತು! ಹೊಸದಾಗಿ ಬೆಳ್ಳಿ ಕರಗಿಸುವ ಖರ್ಚೂ ಉಳಿಯಿತು, ಊರಿಗೆಲ್ಲ ಸುದ್ದಿಯೂ ಮುಟ್ಟಿತು. ಇನ್ನು ನಮ್ಮ ಚಿನಿವಾರರಂತೂ ಮೊಘಲರ ರೂಪಾಯಿಗಳ ಮೇಲೆ ಚುಕ್ಕಿ, ಚಂದ್ರ, ಹೂವು ಅಂತ ಸಣ್ಣ ಸಣ್ಣ ಗುರುತು ಕುಟ್ಟುತ್ತಲೇ ಬಂದವರು. ಹಳೆಯ ರೂಪಾಯಿ ಸಿಕ್ಕರೆ ಅಂಚಿನ ಹತ್ತಿರ ನೋಡಿ, ಇರುತ್ತದೆ.

ಪೇಪರಿನ “ಚಿನಿವಾರ ಪೇಟೆ” ಅಂಕಣದಲ್ಲಿ ದಿನಾ ಚಿನ್ನ ಬೆಳ್ಳಿ ಧಾರಣೆ ನೋಡುತ್ತೀವಲ್ಲ, ಆ ಚಿನಿವಾರನೇ ಈತ. ಉತ್ತರ ಕರ್ನಾಟಕದ ಕಡೆ ಸರಾಫ ಅನ್ನುತ್ತಾರೆ. ಆ ಸರಾಫ ಎಂಬ ಮಾತೇ ಇಂಗ್ಲಿಷರ ಬಾಯಲ್ಲಿ ‘ಶ್ರಾಫ್’ ಆಗಿ, ಅವರ ಹಡಗು ಹತ್ತಿ ಚೀನಾಕ್ಕೂ ಹೋಯಿತು. ಇವತ್ತಿಗೂ ಹಾಂಗ್‌ಕಾಂಗಿನ ಕಾರು ನಿಲ್ದಾಣಗಳಲ್ಲಿ ದುಡ್ಡು ಕಟ್ಟುವ ಕಿಂಡಿಯ ಮೇಲೆ ‘ಶ್ರಾಫ್’ ಅಂತಲೇ ಬರೆದಿರುತ್ತದೆ. ನಮ್ಮ ಸರಾಫ ಬಜಾರಿನ ನಂಟ ಅಲ್ಲಿ ಪಾರ್ಕಿಂಗ್ ವಸೂಲಿ ಮಾಡುತ್ತಾ ಕೂತಿದ್ದಾನೆ!

ಸರಿ, ನನ್ನ ಹುಚ್ಚಿಗೆ ಬರುತ್ತೇನೆ. ನಾನು ಕೂಡಿಡುವುದು ಮುಖ್ಯವಾಗಿ ಸ್ಪ್ಯಾನಿಷ್ ಡಾಲರುಗಳನ್ನು. ಎಂಟು ರಿಯಾಲಿನ ಬೆಳ್ಳಿ ನಾಣ್ಯ. ಅಂಗೈಯಲ್ಲಿಟ್ಟರೆ ತುಂಬಿ ಕೂರುತ್ತದೆ, ತೂಕ ಸುಮಾರು 27 ಗ್ರಾಂ, ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ. ಮೆಕ್ಸಿಕೊ, ಲಿಮಾ, ಪೊಟೊಸಿಗಳ ಟಂಕಸಾಲೆಗಳಲ್ಲಿ ಅಚ್ಚಾಗುತ್ತಿತ್ತು. 1772ರಿಂದ ಮುಂದಿನವುಗಳ ಮೇಲೆ ಸ್ಪೇನಿನ ರಾಜನ ಮುಖ. 1545ರಲ್ಲಿ ಪೊಟೊಸಿಯ ಬೆಳ್ಳಿ ಬೆಟ್ಟ ಸ್ಪೇನಿನವರ ಕಣ್ಣಿಗೆ ಬಿದ್ದಾಗಿನಿಂದ ಆ ಬೆಟ್ಟದೊಳಗೆ ಸತ್ತ ಕೂಲಿಗಳ ಲೆಕ್ಕ ಇಟ್ಟವರಿಲ್ಲ. ಅಲ್ಲಿಂದ ಹೊರಟ ಬೆಳ್ಳಿ ಮಾತ್ರ ಲೋಕವನ್ನೆಲ್ಲ ಸುತ್ತಿತು. ಅಮೆರಿಕದಲ್ಲಿ 1857ರವರೆಗೂ ಈ ನಾಣ್ಯ ಕಾನೂನುಬದ್ಧವಾಗಿ ನಡೆಯುತ್ತಿತ್ತು. ಅವರ ಡಾಲರ್ ಹುಟ್ಟಿದ್ದೇ ಇದರ ಅಳತೆಯಲ್ಲಿ.

ನಮ್ಮ ಕಡೆಗೂ ಬಂತು. ಕಂಪನಿ ಸರ್ಕಾರ ಹಡಗುಗಟ್ಟಲೆ ತರಿಸಿ ಮದರಾಸಿನ ಟಂಕಸಾಲೆಗೆ ಸುರಿಯುತ್ತಿತ್ತು. 1807ರ ನಂತರ ಅಲ್ಲಿ ಬಂದ ಬೆಳ್ಳಿಯ ಅರ್ಧ ಪಗೋಡ ನೋಡಿದ್ದೀರಾ? ಒಂದು ಬದಿ ಗೋಪುರ, ಇನ್ನೊಂದು ಬದಿ ವಿಷ್ಣು, ಸುತ್ತ ಇಂಗ್ಲಿಷ್, ಪಾರ್ಸಿ, ತಮಿಳು, ತೆಲುಗು ಅಕ್ಷರ. ಅದೂ, ಅದರ ಜೊತೆಯ ಎರಡು ರೂಪಾಯಿಯೂ ಎಷ್ಟೋ ಸಲ ಸ್ಪ್ಯಾನಿಷ್ ಡಾಲರಿನ ಮೇಲೇ ನೇರವಾಗಿ ಹೊಡೆದಂಥವು. ಬೆಳಕಿಗೆ ಓರೆಯಾಗಿ ಹಿಡಿದರೆ ಕೆಳಗಿನ ಹಳೆಯ ಅಕ್ಷರಗಳು ಮಸುಕಾಗಿ ಇಣುಕುತ್ತವೆ. ಸ್ಪೇನಿನ ರಾಜನ ಮೇಲೆ ನಮ್ಮ ಗೋಪುರ ಎದ್ದು ನಿಂತಿರುತ್ತದೆ!

ಇನ್ನು ಚೀನಾದಲ್ಲಿ ಈ ಡಾಲರಿನ ಗತಿ ಬೇರೆ. ಗುವಾಂಗ್‌ಝೌ ಬಂದರಿನ ವ್ಯಾಪಾರಿಗಳು ಕೈಗೆ ಬಂದ ಪ್ರತಿ ನಾಣ್ಯವನ್ನೂ ಪರೀಕ್ಷೆ ಮಾಡಿ ತಮ್ಮ ಅಕ್ಷರವನ್ನು ಕುಟ್ಟುತ್ತಿದ್ದರು. ಮುಂದಿನವನು ಇನ್ನೊಂದು, ಅವನ ಮುಂದಿನವನು ಮತ್ತೊಂದು. ಹತ್ತಿಪ್ಪತ್ತು ಏಟು ತಿಂದ ನಾಣ್ಯ ಬಟ್ಟಲಿನ ಹಾಗೆ ಬಾಗಿರುತ್ತದೆ, ರಾಜನ ಮುಖ ಕಾಣುವುದೇ ಇಲ್ಲ. ಇನ್ನೂ ಕುಟ್ಟಿದರೆ ಚೂರಾಗಿ, ಆಮೇಲೆ ಬರೀ ತೂಕದ ಮೇಲೆ ಹೋಗುತ್ತಿತ್ತು. ನನ್ನ ಹತ್ತಿರ ಅಂಥ ಎರಡಿವೆ. ಮಗಳು ಚಿಕ್ಕವಳಿದ್ದಾಗ “ಅಪ್ಪಾ, ಈ ಮಾಮಂಗೆ ಸಿಡುಬು ಬಂದಿತ್ತಾ?” ಅಂತ ಕೇಳಿದ್ದಳು.

ಫಿಲಿಪೀನ್ಸಿನದು ರಾಜಕೀಯದ ಕಥೆ. ಮೆಕ್ಸಿಕೊ, ಪೆರು ಎಲ್ಲ ಸ್ಪೇನಿನಿಂದ ಬಿಡಿಸಿಕೊಂಡು ಸ್ವತಂತ್ರವಾದ ಮೇಲೆ ತಮ್ಮದೇ ನಾಣ್ಯ ಹೊಡೆದವು. ಸ್ವಾತಂತ್ರ್ಯದ ಘೋಷಣೆ ಹೊತ್ತ ಆ ನಾಣ್ಯಗಳು ಇನ್ನೂ ಸ್ಪೇನಿನ ಕೈಯಲ್ಲಿದ್ದ ಮನಿಲಾಕ್ಕೆ ಬರತೊಡಗಿದವು. ಅಧಿಕಾರಿಗಳಿಗೆ ಫಜೀತಿ. ಬೆಳ್ಳಿ ಬೇಕು, ಘೋಷಣೆ ಬೇಡ. 1828ರಲ್ಲಿ ನಾಣ್ಯದ ಪೂರ್ತಿ ಮುಖ ಮುಚ್ಚುವ ದೊಡ್ಡ ಮುದ್ರೆ ಒತ್ತಿ ನೋಡಿದರು. ಆ ಅಚ್ಚುಗಳು ಹೆಚ್ಚು ಕಾಲ ತಾಳಲಿಲ್ಲ. 1832ರಿಂದ ‘ಎಫ್ 7’ ಅಂತ ಏಳನೇ ಫರ್ಡಿನಾಂಡನ ಪುಟ್ಟ ಮುದ್ರೆ, ಅವನು ಸತ್ತ ಮೇಲೆ ಎರಡನೇ ಇಸಾಬೆಲಳ ಮುದ್ರೆ, 1837ರವರೆಗೆ. ಬಂಡುಕೋರರ ನಾಣ್ಯದ ಮೇಲೆ ರಾಜನ ಸಹಿ!

ಇಷ್ಟು ಹೇಳಿದ ಮೇಲೆ ನನ್ನ ಅಚ್ಚುಮೆಚ್ಚಿನ ಕಥೆ ಹೇಳದಿದ್ದರೆ ಹೇಗೆ?

1797ರ ಫೆಬ್ರವರಿ. ಫ್ರೆಂಚರು ದಂಡೆತ್ತಿ ಬರುತ್ತಾರೆಂಬ ಗಾಬರಿಯಲ್ಲಿ ಇಂಗ್ಲೆಂಡಿನ ಜನ ನೋಟು ಹಿಡಿದು ಚಿನ್ನ ಕೊಡಿ ಅಂತ ಬ್ಯಾಂಕಿನ ಮುಂದೆ ನಿಂತರು. 26ನೇ ತಾರೀಕು ಸರ್ಕಾರ, ಇನ್ನು ಮುಂದೆ ನೋಟಿಗೆ ಚಿನ್ನ ಕೊಡಬೇಡಿ ಎಂದು ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಆಜ್ಞೆ ಮಾಡಿತು. ಚಿಲ್ಲರೆಗೆ ಬರ. ಬ್ಯಾಂಕಿನ ಕೋಣೆಯಲ್ಲಿ ಸ್ಪ್ಯಾನಿಷ್ ಡಾಲರುಗಳ ರಾಶಿ ಇತ್ತು. ಆದರೆ ಅದರ ಮೇಲಿದ್ದದ್ದು ಸ್ಪೇನಿನ ನಾಲ್ಕನೇ ಕಾರ್ಲೋಸನ ಮುಖ, ಮತ್ತು ಆಗ ಸ್ಪೇನ್ ಇಂಗ್ಲೆಂಡಿನ ಮೇಲೆ ಯುದ್ಧ ಸಾರಿ ಇನ್ನೂ ಆರು ತಿಂಗಳೂ ಆಗಿರಲಿಲ್ಲ! ಏನು ಮಾಡೋದು? ಬೆಳ್ಳಿ ಪಾತ್ರೆಗೆ ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ಹೊಡೆಯುತ್ತಿದ್ದ ಮೂರನೇ ಜಾರ್ಜನ ಪುಟ್ಟ ಅಂಡಾಕಾರದ ತಲೆಯ ಮುದ್ರೆ ಇತ್ತಲ್ಲ, ಅದನ್ನೇ ಕಾರ್ಲೋಸನ ಕತ್ತಿನ ಮೇಲೆ ಕುಟ್ಟಿ ಪೇಟೆಗೆ ಬಿಟ್ಟರು. ಬೆಲೆ 4 ಶಿಲ್ಲಿಂಗ್ 9 ಪೆನ್ಸ್.

ಐದು ಶಿಲ್ಲಿಂಗಿನ ನಾಣ್ಯಕ್ಕೆ ಇಂಗ್ಲಿಷಿನಲ್ಲಿ ‘ಕ್ರೌನ್’, ಅಂದರೆ ಕಿರೀಟ ಎಂದೇ ಹೆಸರು. ಈ ಡಾಲರಿಗೆ ಅದಕ್ಕಿಂತ ಮೂರು ಪೆನ್ಸ್ ಕಡಿಮೆ. ಲಂಡನ್ನಿನ ಜನ ಸುಮ್ಮನಿರುತ್ತಾರೆಯೇ? ಎರಡು ರಾಜರ ತಲೆ ಸೇರಿದರೂ ಒಂದು ಕಿರೀಟದ ಬೆಲೆಯಿಲ್ಲ ಅಂತ ನಕ್ಕರು.

ನಕ್ಕವರ ಹಿಂದೆಯೇ ಕಳ್ಳರೂ ಬಂದರು. ನಾಣ್ಯದಲ್ಲಿರುವ ಬೆಳ್ಳಿಯ ಬೆಲೆಗೂ ಬ್ಯಾಂಕು ಹೇಳಿದ ಬೆಲೆಗೂ ನಡುವೆ ಅಂತರ ಇದ್ದ ಕಡೆ ಕಳ್ಳನಿಗೆ ದಾರಿ ಆದಂತೆಯೇ. ಮುದ್ರೆ ಇಲ್ಲದ ಡಾಲರ್ ಕಡಿಮೆಗೆ ಕೊಂಡು, ಮನೆಯಲ್ಲೇ ಜಾರ್ಜನ ತಲೆ ಕುಟ್ಟಿದರೆ ಲಾಭ. ತಾಮ್ರದ ಬಿಲ್ಲೆಗೆ ಬೆಳ್ಳಿ ತಗಡು ಹೊದಿಸಿ, ಕಾರ್ಲೋಸನನ್ನೂ ತಾನೇ ಕೆತ್ತಿ, ಮೇಲೆ ಜಾರ್ಜನನ್ನೂ ತಾನೇ ಕುಟ್ಟಿದರೆ ಇನ್ನೂ ಲಾಭ. ತಾಮ್ರಕ್ಕೆ ಬೆಳ್ಳಿ ಬೆಸೆಯುವ ಶೆಫೀಲ್ಡ್ ಪ್ಲೇಟ್ ಎಂಬ ಕಸುಬು ಇಂಗ್ಲೆಂಡಿನಲ್ಲಿ 1740ರ ದಶಕದಿಂದಲೇ ಬೆಳೆದಿತ್ತು. ಟೀ ಕೆಟಲ್ ಮಾಡುವ ಕೈ ನಾಣ್ಯ ಮಾಡಲಾರದೇ? 1797 ಮುಗಿಯುವುದರೊಳಗೆ ಬ್ಯಾಂಕು ಆ ಡಾಲರುಗಳನ್ನೆಲ್ಲ ವಾಪಸು ತೆಗೆದುಕೊಂಡಿತು. 1804ರಲ್ಲಿ ಮತ್ತೆ ಎಂಟು ಮೂಲೆಯ, ಸ್ವಲ್ಪ ದೊಡ್ಡ ಮುದ್ರೆ ಮಾಡಿಸಿತು. ಅದನ್ನೂ ಕಳ್ಳರು ಬಿಡಲಿಲ್ಲ. ಕೊನೆಗೆ ಬರ್ಮಿಂಗ್‌ಹ್ಯಾಮಿನ ಹತ್ತಿರದ ಸೋಹೊದಲ್ಲಿ ಮ್ಯಾಥ್ಯೂ ಬೋಲ್ಟನ್ನನ ಉಗಿಯಂತ್ರಗಳಲ್ಲಿ ಇಡೀ ನಾಣ್ಯವನ್ನೇ ಎರಡೂ ಕಡೆ ಹೊಸದಾಗಿ ಒತ್ತಿಸಬೇಕಾಯಿತು.

ಆಸ್ಟ್ರೇಲಿಯಾದಲ್ಲಿ ಇನ್ನೂ ತಮಾಷೆ. 1812ರ ನವೆಂಬರಿನಲ್ಲಿ 40,000 ಸ್ಪ್ಯಾನಿಷ್ ಡಾಲರ್ ಹೊತ್ತ ಸಮರಾಂಗ್ ಎಂಬ ಹಡಗು ಸಿಡ್ನಿಗೆ ಬಂತು. ಎಲ್ಲಿಂದ ಅಂತೀರಿ? ನಮ್ಮ ಮದರಾಸಿನಿಂದ! ಈ ಬೆಳ್ಳಿ ವ್ಯಾಪಾರಿಗಳ ಹಿಂದೆ ಊರು ಬಿಟ್ಟು ಹೋಗಬಾರದು ಅಂತ ಗವರ್ನರ್ ಲಾಕ್ಲನ್ ಮೆಕ್ವಾರಿ ಪ್ರತಿ ನಾಣ್ಯದ ನಡುವಿನಿಂದ ಒಂದು ಬಿಲ್ಲೆ ಕತ್ತರಿಸಿ ತೆಗೆಸಿದ. ಉದ್ದಿನವಡೆಯ ಹಾಗೆ ತೂತು ಬಿದ್ದ ಹೊರಗಿನ ಬಳೆಗೆ 5 ಶಿಲ್ಲಿಂಗ್, ಒಳಗಿನ ಬಿಲ್ಲೆಗೆ 15 ಪೆನ್ಸ್. ಐದು ಶಿಲ್ಲಿಂಗಿನ ಮಾಲು ಕತ್ತರಿ ಬಿದ್ದ ಕೂಡಲೇ ಆರು ಕಾಲು ಶಿಲ್ಲಿಂಗ್ ಆಯಿತು. ಈ ಕೆಲಸ ಬಲ್ಲವರು ಸಿಡ್ನಿಯಲ್ಲಿ ಯಾರಿದ್ದರು? ಖೋಟಾ ಕೆಲಸಕ್ಕೆ ಶಿಕ್ಷೆಯಾಗಿ ಗಡೀಪಾರಾಗಿ ಬಂದಿದ್ದ ವಿಲಿಯಂ ಹೆನ್‌ಶಾಲ್ ಎಂಬವನು! ಅವನನ್ನೇ ಕರೆಸಿದರು. ಕೆಲಸ ಮುಗಿಯಲು ಒಂದು ವರ್ಷಕ್ಕೂ ಮೇಲೆ ಹಿಡಿಯಿತು. ಪುಣ್ಯಾತ್ಮ ಅಚ್ಚಿನ ಎಲೆಗಳ ನಡುವೆ ತನ್ನ ಹೆಸರಿನ ಮೊದಲಕ್ಷರವನ್ನೂ ಸೇರಿಸಿಬಿಟ್ಟಿದ್ದಾನೆ. ಹೊರಗಿನ ಬಳೆಗಳಲ್ಲಿ ಇವತ್ತು ಉಳಿದಿರುವುದು ಸುಮಾರು 300. ಅದನ್ನು ಕೊಳ್ಳಬೇಕೆಂದರೆ ನಾನು ಮನೆ ಮಾರಬೇಕು. ಮ್ಯೂಸಿಯಮ್ಮಿನ ಚಿತ್ರ ನೋಡಿ ತೃಪ್ತಿಪಡುತ್ತೇನೆ.

ಈಗ ಖೋಟಾ ಕಂಡುಹಿಡಿಯುವುದು ಹೇಗೆ ಅಂತ ಕೇಳುತ್ತೀರಿ. ನಮ್ಮ ಹಿರಿಯರು ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುತ್ತಿದ್ದರು. ಬೆಳ್ಳಿ ಠಣ್ಣೆಂದು ಹಾಡುತ್ತದೆ, ಸೀಸ ಬೆರೆತದ್ದು ಬದ್ದೆನ್ನುತ್ತದೆ. ಒರೆಗಲ್ಲು ಇದ್ದೇ ಇದೆ. ಆದರೆ ಒರೆ ಹಚ್ಚಿದರೆ ನಾಣ್ಯಕ್ಕೆ ಗೀರು ಬೀಳುತ್ತದೆ, ಮೇಲಿನ ಹೊದಿಕೆ ಬೆಳ್ಳಿಯದೇ ಆದರೆ ಒರೆಯೂ ಬೆಳ್ಳಿ ಎಂದೇ ಹೇಳುತ್ತದೆ. ನನಗೆ ಒಗ್ಗಿದ್ದು ನೀರಿನ ಪರೀಕ್ಷೆ. ಒಡವೆ ತೂಗುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಮೊದಲು ನಾಣ್ಯ ತೂಗಿ. ಆಮೇಲೆ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದ ಹಾಗೆ ಪೂರ್ತಿ ನೀರಿನಲ್ಲಿ ಇಳಿಬಿಡಿ. ತಕ್ಕಡಿ ತೋರಿಸುವುದು ಅದು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲಿನ ತೂಕವನ್ನು ಇದರಿಂದ ಭಾಗಿಸಿದರೆ ಒಳ್ಳೆಯ ಡಾಲರಿಗೆ 10.3ರ ಆಸುಪಾಸು ಬರಬೇಕು. ತಾಮ್ರವಾದರೆ 9ರ ಹತ್ತಿರ ನಿಲ್ಲುತ್ತದೆ. ಮುಖ ನೋಡಿ ಮೋಸ ಹೋಗಬಹುದು, ನೀರಿಗೆ ಮುಖ ಕಾಣುವುದಿಲ್ಲ.

ಮತ್ತೆ ಅಂಚು. ಈ ಡಾಲರಿನ ಅಂಚಿನಲ್ಲಿ ಒಂದು ಸೊನ್ನೆ, ಒಂದು ಚೌಕ ಅಂತ ಸಾಲಾಗಿ ಕೊರೆದಿರುತ್ತದೆ. ಎರಡು ಪಟ್ಟಿಗಳ ನಡುವೆ ಉರುಳಿಸಿ ಆ ಗುರುತು ಮಾಡುತ್ತಿದ್ದರಿಂದ, ಎದುರುಬದುರಾಗಿ ಎರಡು ಕಡೆ ಸಾಲು ಒಂದರ ಮೇಲೊಂದು ಹತ್ತಿರುತ್ತದೆ. ರಾಜನ ಮೂಗಿಗೆ ಮೂರು ದಿನ ಕಷ್ಟಪಟ್ಟ ಕಳ್ಳ ಅಂಚಿನ ಕಡೆ ಎಷ್ಟೋ ಸಲ ಅಸಡ್ಡೆ ಮಾಡಿರುತ್ತಾನೆ. ಮರುಮುದ್ರೆಗಾದರೆ ನಾಣ್ಯದ ಬೆನ್ನು ನೋಡಬೇಕು. ಮುದ್ರೆ ಬಿದ್ದ ಜಾಗದ ಹಿಂದೆ ಚಿತ್ರ ಸ್ವಲ್ಪ ಚಪ್ಪಟೆಯಾಗಿರಬೇಕು. ಇಸವಿಯೂ ಹೊಂದಬೇಕು. 1797ರ ಮುದ್ರೆ 1799ರ ನಾಣ್ಯದ ಮೇಲಿದ್ದರೆ ಕೈಮುಗಿದು ಎದ್ದು ಬನ್ನಿ.

ಇಲ್ಲೊಂದು ಭೇದ ಇದೆ. ಆ ಕಾಲದ ಖೋಟಾ ಬೇರೆ, ಈ ಕಾಲದ ಖೋಟಾ ಬೇರೆ. ಅವತ್ತಿನವನು ಸಂತೆಯಲ್ಲಿ ಬ್ರೆಡ್ಡು ಕೊಳ್ಳಲು ಮಾಡಿದ. ಅದು ಚಲಾವಣೆಯಾಗಿ, ಕೈಯಿಂದ ಕೈಗೆ ಸವೆದು, ಯಾರೋ ಬಡವನ ಕೈಯಲ್ಲಿ ಸಿಕ್ಕಿಬಿದ್ದದ್ದು. ಅದರಲ್ಲಿ ಆ ಊರಿನ ಚರಿತ್ರೆ ಇದೆ. ಇವತ್ತಿನವನು ಮಾಡುವುದು ನನ್ನಂಥವನಿಗೆ ಟೋಪಿ ಹಾಕಲು. ಒಳ್ಳೆಯ ಹಳೆ ಡಾಲರನ್ನೇ ಕೊಂಡು ಅದರ ಮೇಲೆ ಹೊಸದೊಂದು ಮುದ್ರೆ ಕುಟ್ಟಿದರೆ ಬೆಲೆ ಹಲವು ಪಟ್ಟು ಏರುತ್ತದೆ. ಮೊದಲನೆಯದನ್ನು ನಾನು ದುಡ್ಡು ಕೊಟ್ಟು ತರುತ್ತೇನೆ. ಎರಡನೆಯದನ್ನು ಬಿಟ್ಟಿ ಕೊಟ್ಟರೂ ಒಲ್ಲೆ.

ಈ ಭೇದವನ್ನು ನನಗೆ ಕಲಿಸಿದವರು ನಮ್ಮ ಮೇಷ್ಟ್ರು. ಶಿವಮೊಗ್ಗದ ಕಡೆಯ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವರು. ಅವರ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ತುಂಬ ನಾಣ್ಯ ಇತ್ತು. ಕೊನೆಗೆ ತೋರಿಸುತ್ತಿದ್ದದ್ದು ಯಾವಾಗಲೂ ಒಂದೇ. “ಇದು ಎರಡು ರಾಜರ ನಾಣ್ಯ ಕಣಯ್ಯಾ” ಅನ್ನುತ್ತಿದ್ದರು. ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆಯುತ್ತಿರಲಿಲ್ಲ. ಲಂಡನ್ನಿನ ಜನರ ಆ ಕುಹಕವನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ.

2025ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ದಾಟಿ ಏರುತ್ತಲೇ ಹೋಯಿತಲ್ಲ, ಆ ದಿನಗಳಲ್ಲಿ ಒಂದು ಸಂಜೆ ಅವರ ಮನೆಯಿಂದ ಫೋನು. ಮೇಷ್ಟ್ರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಅಮ್ಮ ಮಾತಾಡಿದರು. “ಅವರ ಡಬ್ಬಿ ಇದೆಯಲ್ಲ ಕಣೋ, ಪೇಟೆಯವರೊಬ್ಬರು ಬಂದು ನೋಡಿಕೊಂಡು ಹೋದ್ರು. ಎಲ್ಲಾ ಒಟ್ಟಿಗೆ ತೂಕಕ್ಕೆ ತಗೋತಾರಂತೆ. ಒಂದ್ಸಲ ನೀನು ನೋಡು. ನನ್ನ ಮಂಡಿ ಆಪರೇಷನ್ನಿಗೆ ಮಗ ಕಳಿಸ್ತಾನೆ, ಕೇಳಿದ್ರೆ ಇಲ್ಲ ಅನ್ನಲ್ಲ. ಆದ್ರೆ ಕೇಳೋಕೆ ಮನಸ್ಸಿಲ್ಲ.”

ಆ ಶನಿವಾರವೇ ಹೋದೆ. ಬಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಬೆಲೆ ಹೇಳುವವನು ಕೊಳ್ಳಬಾರದು. ಒಂದು ನಾಣ್ಯವನ್ನೂ ನಾನು ಕೇಳಬಾರದು, ಆ ಎರಡು ರಾಜರದ್ದನ್ನಂತೂ ಕೇಳಲೇಬಾರದು. ಎಷ್ಟು ವರ್ಷದಿಂದ ಅದರ ಮೇಲೆ ನನ್ನ ಕಣ್ಣಿತ್ತು ಅಂತ ನನಗೆ ಮಾತ್ರ ಗೊತ್ತು.

ಡಬ್ಬಿಯಲ್ಲಿ 31 ನಾಣ್ಯ. ಪ್ರತಿಯೊಂದಕ್ಕೂ ಮೇಷ್ಟ್ರ ಕೈಬರಹದ ಚೀಟಿ. ಹೆಸರು, ಇಸವಿ, ತೂಕ, ಕೊಟ್ಟ ದುಡ್ಡು, ಕೊನೆಗೆ ಉತ್ತರಪತ್ರಿಕೆಗೆ ಹಾಕುವ ಹಾಗೆ ಕೆಂಪು ಶಾಯಿಯಲ್ಲಿ ಒಂದು ‘ಸರಿ’ ಗುರುತು. ವಿಕ್ಟೋರಿಯಾ, ಎಡ್ವರ್ಡ್, ಜಾರ್ಜರ ಸವೆದ ರೂಪಾಯಿಗಳೇ ಹೆಚ್ಚು. ಅವು ಎಲ್ಲೆಲ್ಲೂ ಇವೆ, ತೂಕದ ಬೆಲೆಗೆ ಹೋದರೆ ನಷ್ಟವಿಲ್ಲ ಅಂತ ಒಂದು ಕಡೆ ಇಟ್ಟೆ. ಚೀನಾದ ಏಟು ತಿಂದ ಎರಡು ಡಾಲರ್, ಮನಿಲಾದ ‘ಎಫ್ 7’ ಒಂದು, ಮದರಾಸಿನ ಅರ್ಧ ಪಗೋಡ ಒಂದು. ಇವನ್ನು ಮೂಸೆಗೆ ಹಾಕುವುದೆಂದರೆ ಶಾಸನದ ಕಲ್ಲನ್ನು ಒಗೆಯುವ ಕಲ್ಲು ಮಾಡಿದ ಹಾಗೆ. ಬೇರೆ ಇಟ್ಟೆ. ಉಳಿದದ್ದು ಅದೇ.

ಕವರಿನಿಂದ ತೆಗೆದು ಕೈಗೆ ತೆಗೆದುಕೊಂಡೆ. ತೆಗೆದುಕೊಂಡ ಕೂಡಲೇ ಕೈಗೆ ಗೊತ್ತಾಯಿತು, ಹಗುರ. 1795, ಮೆಕ್ಸಿಕೊ. ಕಾರ್ಲೋಸನ ಕೆನ್ನೆ ಸವೆದ ಕಡೆ ಸಣ್ಣ ಕೆಂಪು. ಮಸೂರ ಹಿಡಿದು ನೋಡಿದರೆ ಜಾರ್ಜನ ತಲೆಯ ಸುತ್ತ ಮುದ್ರೆ ಬಿದ್ದಲ್ಲಿ ಬೆಳ್ಳಿಯ ಹೊದಿಕೆ ಬಿರಿದು ಒಳಗಿನ ತಾಮ್ರ ಕಾಣುತ್ತಿತ್ತು. ಜಾರ್ಜನ ಕೂದಲು ಜೋಳದ ತೆನೆಯ ಹಾಗೆ ಒರಟೊರಟು. ಅಂಚಿನಲ್ಲಿ ಸೊನ್ನೆ ಚೌಕಗಳು ಮನಸ್ಸಿಗೆ ಬಂದ ಹಾಗೆ. ಅಂದರೆ, ಇನ್ನೂರು ವರ್ಷಗಳ ಹಿಂದೆ ಯಾರೋ ಒಬ್ಬ ಸ್ಪೇನಿನ ಸುಳ್ಳು ರಾಜನನ್ನು ಮಾಡಿ, ಅವನ ಪರವಾಗಿ ಸಾಕ್ಷಿ ಹೇಳಲು ಇಂಗ್ಲೆಂಡಿನ ಸುಳ್ಳು ರಾಜನನ್ನೂ ಮಾಡಿದ್ದ!

ಅಮ್ಮ ಎದುರಿಗೇ ಕೂತಿದ್ದರು. “ಅದಕ್ಕೇ ಜಾಸ್ತಿ ಬೆಲೆ ಅಲ್ವಾ? ಯಾರು ಬಂದ್ರೂ ಅದನ್ನೇ ತೋರಿಸೋರು” ಅಂದರು.

ನನಗೆ ಮಾತು ಹೊರಡಲಿಲ್ಲ. ಒಳ್ಳೆಯದಾಗಿದ್ದರೆ ಡಬ್ಬಿಯ ಉಳಿದ ಮೂವತ್ತರಲ್ಲಿ ಯಾವುದಕ್ಕೂ ಕಡಿಮೆಯಿಲ್ಲದ ಬೆಲೆ ಬರುವಂಥದ್ದು. ಬಾಯಲ್ಲಿ ಹೇಳುವ ಬದಲು ತೋರಿಸೋಣ ಅಂತ, “ಅಮ್ಮಾ, ಒಂದು ಗಾಜಿನ ಲೋಟದಲ್ಲಿ ನೀರು ಕೊಡಿ, ಹೂ ಕಟ್ಟೋ ದಾರ ಇದ್ರೆ ಅದನ್ನೂ” ಅಂದೆ. ತಂದುಕೊಟ್ಟರು. ಮೊದಲು ಒಳ್ಳೆಯದನ್ನು ತೂಗಿ ಮುಳುಗಿಸಿ ಲೆಕ್ಕ ತೋರಿಸಿದೆ. ಆಮೇಲೆ ಇದನ್ನು. 24.1 ಗ್ರಾಂ. ನೀರಿನಲ್ಲಿ 2.7. ಭಾಗಿಸಿದರೆ 8.9. ಮೇಷ್ಟ್ರ ಹೆಂಡತಿ, ಲೆಕ್ಕಕ್ಕೆ ಹೆದರುವವರಲ್ಲ. ಎರಡೂ ಸಂಖ್ಯೆ ನೋಡಿದರು, ನನ್ನ ಮುಖ ನೋಡಿದರು.

“ಬೆಳ್ಳಿ ಅಲ್ವಾ?”

“ಮೇಲೆ ಮಾತ್ರ ಅಮ್ಮಾ. ಒಳಗೆ ತಾಮ್ರ. ಆದ್ರೆ ಇದು ಆ ಕಾಲದ್ದೇ. ಆಗಲೇ ಯಾರೋ ಮಾಡಿದ್ದು.”

ಚೀಟಿ ಎತ್ತಿಕೊಂಡು ಅವರಿಗೆ ಕೊಟ್ಟೆ. ಆಗಲೇ ನಾವಿಬ್ಬರೂ ನೋಡಿದ್ದು. “ಮೆಕ್ಸಿಕೊ 1795. ಅಂಡಾಕಾರದ ಮುದ್ರೆ. 24.1.” ಆ 24.1ರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ‘ಸರಿ’ ಗುರುತೂ ಇಲ್ಲ, ‘ತಪ್ಪು’ ಗುರುತೂ ಇಲ್ಲ. ಮೇಷ್ಟ್ರು ಅದನ್ನು ತೂಗಿದ್ದರು. 27 ಇರಬೇಕಾದ ಕಡೆ 24 ಯಾಕಿದೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ನೆನಪು ಮಾಡಿಕೊಂಡೆ. ಅಷ್ಟು ಸಲ ತೋರಿಸಿದರೂ ಅದನ್ನು ಒಂದು ಸಲವೂ ಅವರು “ಅಸಲಿ” ಅಂದಿರಲಿಲ್ಲ. “ಎರಡು ರಾಜರ ನಾಣ್ಯ” ಅಂತಷ್ಟೇ ಅಂದಿದ್ದರು.

ಅಮ್ಮ ಚೀಟಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು. ಆಮೇಲೆ ನಕ್ಕರು. “ಮೂವತ್ತೈದು ವರ್ಷ ಮಕ್ಕಳ ಪೇಪರ್ ತಿದ್ದಿದ ಮನುಷ್ಯ. ಗುರುತು ಹಾಕದೆ ಬಿಟ್ಟಿದ್ದು ಇದೊಂದೇ ನೋಡು.”

ಬೇರೆ ಇಟ್ಟ ನಾಲ್ಕಕ್ಕೆ ಸರಿಯಾದ ಬೆಲೆ ಕೊಡುವ ಇಬ್ಬರು ಸಂಗ್ರಾಹಕರನ್ನು ನಾನು ಗೊತ್ತುಮಾಡಿಕೊಟ್ಟೆ. ಇವು ನೂರು ವರ್ಷ ದಾಟಿದ ವಸ್ತುಗಳಾದ್ದರಿಂದ ದೇಶದಾಚೆ ಕಳಿಸುವಂತಿಲ್ಲ, ಹಾಗಾಗಿ ಇಲ್ಲಿಯವರಿಗೇ. ರೂಪಾಯಿಗಳು ತೂಕಕ್ಕೆ ಹೋದವು. ಪೇಟೆಯವರು ಒಟ್ಟಿಗೆ ಹೇಳಿದ್ದಕ್ಕಿಂತ ಹೆಚ್ಚೇ ಬಂತು. ಆಪರೇಷನ್ ಆಯಿತು, ಈಗ ಅಮ್ಮ ಕೋಲು ಹಿಡಿದು ಬೀದಿಯ ಕೊನೆಯ ಗಣಪತಿ ಗುಡಿಯವರೆಗೆ ಹೋಗಿ ಬರುತ್ತಾರೆ.

ರೂಪಾಯಿ ತೂಕ ಮಾಡುವ ದಿನ ಆ ವ್ಯಾಪಾರಿ ಎರಡು ರಾಜರ ನಾಣ್ಯವನ್ನು ಒಂದು ಸಲ ಮೇಜಿಗೆ ಬಡಿದು ನೋಡಿ, “ಇದು ಬೇಡ ಅಮ್ಮಾ, ಮಾಲಿಲ್ಲ” ಅಂತ ವಾಪಸು ಕೊಟ್ಟರಂತೆ. ಫೋನಿನಲ್ಲಿ ಅಮ್ಮ ಹೇಳಿದಾಗ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇಂಥ ಖೋಟಾಗಳಿಗೂ ಕೊಳ್ಳುವವರಿದ್ದಾರೆ, ಅವರಲ್ಲಿ ನಾನೂ ಒಬ್ಬ ಅನ್ನಬೇಕಲ್ಲ. ಕೊಳ್ಳುವವರಿದ್ದಾರೆ ಎಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ ಅಂತ ಅಷ್ಟು ಮಾತ್ರ ಹೇಳಿದೆ, ಇಷ್ಟಿಷ್ಟು ಬರಬಹುದು ಅಂತ ಬೆಲೆಯನ್ನೂ ಹೇಳಿದೆ. ಅವರು ಕೇಳಿಸಿಕೊಂಡು, “ಯಾರೂ ಬೇಡ ಅಂದಿದ್ದು ನನ್ನ ಹತ್ರಾನೇ ಇರ್ಲಿ ಬಿಡು. ಅವರ ಡಬ್ಬೀಲಿ ಅಂತ ಏನಾದ್ರೂ ಇರಬೇಕಲ್ಲ” ಅಂದರು.

ಆಮೇಲೆ ಈ ವಿಷಯ ತುಂಬ ದಿನ ತಲೆಯಲ್ಲಿ ಸುತ್ತುತ್ತಿತ್ತು. ಬೆಳ್ಳಿ ಬೆಲೆ ಏರಿದಾಗಲೆಲ್ಲ ಒಳ್ಳೆಯ ನಾಣ್ಯಗಳೇ ಮೊದಲು ಕರಗುವುದು. ಅವುಗಳೊಳಗೆ ಕರಗಿಸಿ ತೆಗೆಯುವಂಥದ್ದು ಇದೆಯಲ್ಲ! ತಾಮ್ರದ ಮೇಲೆ ಬೆಳ್ಳಿ ಬಳಿದುಕೊಂಡದ್ದನ್ನು ಯಾವ ಮೂಸೆಯೂ ಕರೆಯುವುದಿಲ್ಲ. 1797ರಲ್ಲಿ ಬ್ಯಾಂಕು ವಾಪಸು ಪಡೆದ ಒಳ್ಳೆಯ ಡಾಲರುಗಳು ಮುಂದೆ ಬೇರೆ ನಾಣ್ಯವಾಗಿಯೋ ಗಟ್ಟಿಯಾಗಿಯೋ ಹೋದವು. ಬ್ಯಾಂಕು ಬೇಡವೆಂದದ್ದು ಯಾರದೋ ಜೇಬಿನಲ್ಲಿ ಉಳಿದು, ಎಲ್ಲೆಲ್ಲೋ ಸುತ್ತಿ ಶಿವಮೊಗ್ಗದ ಕಡೆಯ ಒಂದು ಬಿಸ್ಕತ್ತಿನ ಡಬ್ಬಿ ಸೇರಿದೆ.

ಅವತ್ತಿನಿಂದ ನಾನೂ ಒಂದು ಕೆಲಸ ಶುರು ಮಾಡಿದ್ದೇನೆ. ನನ್ನ ಪ್ರತಿ ನಾಣ್ಯಕ್ಕೂ ಚೀಟಿ ಬರೆಯುತ್ತಿದ್ದೇನೆ. ಹೆಸರು, ಇಸವಿ, ತೂಕ, ನೀರಿನ ಲೆಕ್ಕ, ಕೊಟ್ಟ ದುಡ್ಡು. ಖೋಟಾ ಆಗಿದ್ದರೆ ದಪ್ಪ ಅಕ್ಷರದಲ್ಲಿ ಖೋಟಾ ಅಂತಲೇ. ನಾನಿಲ್ಲದ ದಿನ ಮಗಳು ಡಬ್ಬಿ ತೆರೆದಾಗ ಅಸಲಿಯನ್ನು ತೂಕಕ್ಕೆ ಕೊಡಬಾರದು, ನಕಲಿಯನ್ನು ಅಸಲಿ ಅಂತ ಯಾರಿಗೂ ಮಾರಬಾರದು. ಹನ್ನೆರಡು ಮುಗಿದಿವೆ, ಇನ್ನು ಒಂಬತ್ತು ಬಾಕಿ. ನನ್ನಾಕೆ ಸಂಜೆ ಹೊತ್ತು ತಕ್ಕಡಿಯ ಅಂಕಿ ಓದಿ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ.

ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲೋ ಅಜ್ಜಿಯ ಟ್ರಂಕಿನಲ್ಲೋ ಹಳೆಯ ಬೆಳ್ಳಿ ನಾಣ್ಯ ಇದೆಯಾ? ಬೆಲೆ ಬಂದಿದೆ ಅಂತ ಅಂಗಡಿಗೆ ಒಯ್ಯುವ ಮುಂಚೆ ಒಂದು ಸಲ ಬೆಳಕಿಗೆ ಹಿಡಿದು ಅಂಚಿನವರೆಗೂ ನೋಡಿ. ಚುಕ್ಕಿಯೋ ಚಂದ್ರನೋ ಪುಟ್ಟ ತಲೆಯೋ ಕಂಡರೆ ನನಗೂ ತಿಳಿಸಿ. ಕೊಳ್ಳುವುದಕ್ಕಲ್ಲ ಮಾರಾಯ್ರೇ, ಸುಮ್ಮನೆ ಕೇಳಿ ಖುಷಿಪಡೋದಕ್ಕೆ!